ಬೀಗಕ್ಕಿಂತ ಮೊದಲು ಕೊಂಡಿ ನೋಡಿ: ಗಂಗಾವತಿಯ ಒಂದು ಕ್ಯಾರವಾನ್ ಪ್ರಕರಣ

ಅವತ್ತು ಬೆಳಿಗ್ಗೆ ಮೇಷ್ಟ್ರು ಬಂದಾಗ ನಾನಿನ್ನೂ ಅಂಗಡಿ ಶಟರ್ ಪೂರ್ತಿ ಎತ್ತಿರಲಿಲ್ಲ. ಕೈಯಲ್ಲೊಂದು ಬಟ್ಟೆ ಚೀಲ. ಅದರೊಳಗಿಂದ ತಮ್ಮ ಕ್ಯಾರವಾನಿಗೆ, ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಗೆ, ಹಾಕಿದ್ದ ಬೀಗದ ಎರಡು ತುಂಡು ತೆಗೆದು ವೆಲ್ಡಿಂಗ್ ಬೆಂಚಿನ ಮೇಲೆ ಇಟ್ಟರು. "ನೋಡ್ರಿ, ಇದಕ್ಕ ಎರಡು ಸಾವಿರ ಕೊಟ್ಟಿದ್ದೆ" ಅಂದರು. ಮುಂದೆ ಮಾತಿಲ್ಲ. ಸ್ಟೂಲ್ ಎಳೆದುಕೊಂಡು ಕೂತುಬಿಟ್ಟರು.

ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಯು ಆಕಾರದ ಕೊಕ್ಕೆ, 12 ಮಿಮೀ ದಪ್ಪ. ಎರಡೂ ಕಾಲು ಕೊಯ್ದಿದ್ದರು. ಕೊಯ್ದ ಮುಖ ನುಣುಪಾಗಿತ್ತು. ಅಂಚಿನಲ್ಲಿ ನವಿಲಿನ ಕತ್ತಿನಂಥ ನೀಲಿ. ಹ್ಯಾಕ್ಸಾದಲ್ಲಿ ಕೊಯ್ದರೆ ಈ ಬಣ್ಣ ಬರುವುದಿಲ್ಲ, ಗೆರೆ ಗೆರೆಯಾಗಿ ಕಾಣುತ್ತದೆ. ಉಕ್ಕು ಸುಮಾರು 300 ಡಿಗ್ರಿ ಕಾದಾಗ ಈ ನೀಲಿ ಏಳುತ್ತದೆ. ಅಂದರೆ ಗ್ರೈಂಡರ್, ಕಬ್ಬಿಣ ಕೊಯ್ಯುವ ಕೈಯಂತ್ರ. ಗಾಡಿ ನಿಲ್ಲಿಸಿದ್ದ ಹೊಲದಲ್ಲಿ ಕರೆಂಟ್ ಪಾಯಿಂಟ್ ಇರಲಿಲ್ಲ, ಹಾಗಾಗಿ ಬ್ಯಾಟರಿ ಗ್ರೈಂಡರ್.

ಉಳಿದ ಕೊಕ್ಕೆಯನ್ನು ವೈಸಿಗೆ ಕಚ್ಚಿಸಿ, ನನ್ನ ಬ್ಯಾಟರಿ ಗ್ರೈಂಡರಿಗೆ 4 ಇಂಚಿನ, 1 ಮಿಮೀ ದಪ್ಪದ ಕಟಿಂಗ್ ವೀಲ್ ಹಾಕಿ ಕೊಯ್ದೆ. ಮೇಷ್ಟ್ರು ಗಡಿಯಾರ ನೋಡುತ್ತಿದ್ದರು. 18 ಸೆಕೆಂಡು. ಎರಡು ಕಾಲಿಗೆ ಸೇರಿ ಒಂದು ನಿಮಿಷವೂ ಬೇಡ. ಅವರ ಮುಖ ಇನ್ನಷ್ಟು ಸಣ್ಣದಾಯಿತು. ಆದರೆ ಇದನ್ನು ಅವರಿಗೆ ತೋರಿಸಲೇಬೇಕಿತ್ತು. ಬೀಗ ಅಂದರೆ ಎಷ್ಟು ಹೊತ್ತು ತಡೆಯುತ್ತದೆ ಅನ್ನುವ ಲೆಕ್ಕ. ಆ ಲೆಕ್ಕ ಗೊತ್ತಿಲ್ಲದೆ ಮತ್ತೊಂದು ಬೀಗ ಕೊಂಡರೆ ಮತ್ತೆರಡು ಸಾವಿರ ನೀರಿಗೆ ಹೋದ ಹಾಗೆ.

ನನ್ನದು ಗಂಗಾವತಿಯಲ್ಲಿ ಫ್ಯಾಬ್ರಿಕೇಶನ್ ಅಂಗಡಿ. ಜಾಸ್ತಿ ಕೆಲಸ ಟ್ರ್ಯಾಕ್ಟರ್ ಟ್ರ್ಯಾಲಿಗಳದ್ದು. ಕ್ಯಾರವಾನ್ ಕೆಲಸ ಕೈಗೆ ಬಂದದ್ದು ಇದೇ ಮೊದಲು. ಮೇಷ್ಟ್ರ ಒಪ್ಪಿಗೆ ಪಡೆದು ಪೂರ್ತಿ ಬರೆಯುತ್ತಿದ್ದೇನೆ. ಕ್ಯಾರವಾನ್ ಅಷ್ಟೇ ಅಲ್ಲ, ಎಳೆದುಕೊಂಡು ಹೋಗುವ ತಿಂಡಿ ಗಾಡಿ, ಜನರೇಟರ್ ಟ್ರ್ಯಾಲಿ ಇಟ್ಟುಕೊಂಡವರಿಗೂ ಇದು ಬೇಕಾಗುತ್ತದೆ.

ಅವತ್ತಿನ ರಾತ್ರಿ

ಮೇಷ್ಟ್ರು ನಿವೃತ್ತರಾದ ಮೇಲೆ ಕೊಂಡ ಗಾಡಿ ಅದು. 12 ಅಡಿ ಉದ್ದ, ಒಂದೇ ಆಕ್ಸಲ್, ಒಳಗೆ ಎರಡು ಮಂಚ, ಸಣ್ಣ ಒಲೆ, ಒಂದು ಫ್ರಿಜ್ಜು. ಜೀಪಿನ ಹಿಂದೆ ಕಟ್ಟಿಕೊಂಡು ಗಂಡ ಹೆಂಡತಿ ಇಬ್ಬರೇ ಹೋಗುತ್ತಾರೆ. ಇಟಗಿ ಮಹಾದೇವ ದೇವಾಲಯ, ಕುಕನೂರು, ಬಾದಾಮಿ. ಏನೂ ಇಲ್ಲದಿದ್ದರೆ ಸಾಣಾಪುರದ ಕೆರೆ ಹತ್ತಿರ ಪರಿಚಯದವರ ಜಾಗದಲ್ಲಿ ಎರಡು ದಿನ. ಮನೆ ಮುಂದೆ ಜಾಗ ಸಾಲದೆ, ಆನೆಗೊಂದಿ ರಸ್ತೆಯಲ್ಲಿ ಬಾಮೈದನ ಹೊಲದಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ರಸ್ತೆಯಿಂದ ಇಪ್ಪತ್ತು ಹೆಜ್ಜೆ, ಕೊಂಡಿ ರಸ್ತೆ ಕಡೆಗೆ. ಹೊರಡುವಾಗ ಜೀಪಿಗೆ ಸಿಕ್ಕಿಸಲು ಸುಲಭವಾಗಲಿ ಅಂತ ಹಾಗೆ ನಿಲ್ಲಿಸಿದ್ದು. ಅವರಿಗೆ ಸುಲಭವಾದದ್ದು ಕಳ್ಳರಿಗೂ ಸುಲಭವೇ ಅಲ್ವಾ?

ಬೇಸಿಗೆ ಭತ್ತದ ಕಾಲ. ಎಡದಂಡೆ ಕಾಲುವೆಯ ನೀರಿನ ಪಾಳಿ ಪಕ್ಕದ ಗದ್ದೆಯವರಿಗೆ ರಾತ್ರಿ ಮೂರರ ಹೊತ್ತಿಗೆ ಬಂದಿತ್ತು. ಅವರು ಸಲಿಕೆ, ಬ್ಯಾಟರಿ ಹಿಡಿದು ಬದುವಿನ ಮೇಲೆ ಬರುವಾಗ ಒಂದು ಪಿಕಪ್ ಗಾಡಿ ಹಿಮ್ಮುಖವಾಗಿ ಹೊಲಕ್ಕೆ ಇಳಿದಿತ್ತು. ಬೆಳಕು ಬಿದ್ದ ಕೂಡಲೇ ಇಬ್ಬರು ಹತ್ತಿ ಹೊರಟುಹೋದರು. ಕ್ಯಾರವಾನ್ ಆರು ಅಡಿ ಮುಂದೆ ಬಂದಿತ್ತು. ಮುಂದಿನ ಸಣ್ಣ ಜಾಕಿ ಚಕ್ರ ಎರೆಮಣ್ಣಿನಲ್ಲಿ ಹೂತಿದ್ದರಿಂದ ಅಲ್ಲಿಗೇ ನಿಂತಿತ್ತು. ಗಾಡಿಯನ್ನು ಉಳಿಸಿದ್ದು ಬೀಗವಲ್ಲ. ಒಬ್ಬ ರೈತನ ನೀರಿನ ಪಾಳಿ ಮತ್ತು ಒಂದು ಹಸಿ ಗುಂಡಿ.

ಠಾಣೆಗೆ ದೂರು ಕೊಟ್ಟರು. ಪೊಲೀಸರು ಬಂದು ಟೈರ್ ಗುರುತು ನೋಡಿ, ಫೋಟೊ ತೆಗೆದು, ಕಳ್ಳತನದ ಯತ್ನ ಅಂತ ದಾಖಲು ಮಾಡಿಕೊಂಡರು. ಏನೂ ಹೋಗಿಲ್ಲವಲ್ಲ, ದೂರು ಯಾಕೆ ಅಂತ ಕೆಲವರು ಅಂದರಂತೆ. ಮೇಷ್ಟ್ರು ಮಾಡಿದ್ದೇ ಸರಿ. ನಾಳೆ ನಿಜವಾಗಿ ಗಾಡಿ ಹೋದರೆ ವಿಮೆಯವರ ಮುಂದೆ ಈ ಕಾಗದ ಮಾತಾಡುತ್ತದೆ.

ಕೊಂಡಿಗೆ ಕೈ ಹಾಕಿ ನೋಡಿದಾಗ

ಮಧ್ಯಾಹ್ನ ಹೊಲಕ್ಕೆ ಹೋದೆ. ನೆಲದ ಮೇಲೆ ಮಲಗಿ ಕೊಂಡಿಯನ್ನು ಕೆಳಗಿನಿಂದ ನೋಡಿದೆ. ಕ್ಯಾರವಾನ್ ಇಟ್ಟುಕೊಂಡವರು ದಯವಿಟ್ಟು ಒಮ್ಮೆ ಹೀಗೆ ಮಲಗಿ ನೋಡಿ. ನಿಂತು ನೋಡಿದರೆ ಕಾಣುವುದೇ ಬೇರೆ, ಮಲಗಿ ನೋಡಿದರೆ ಕಾಣುವುದೇ ಬೇರೆ.

ನಮ್ಮ ಟ್ರ್ಯಾಲಿಗೂ ಕ್ಯಾರವಾನಿಗೂ ಇಲ್ಲೇ ದೊಡ್ಡ ವ್ಯತ್ಯಾಸ. ಟ್ರ್ಯಾಲಿಯ ಮೂಗಿಗೆ ಉಂಗುರ ಇರುತ್ತದೆ, ಟ್ರ್ಯಾಕ್ಟರಿನ ಕೊಂಡಿಯಲ್ಲಿ ಪಿನ್ ಹಾಕಿದರೆ ಮುಗಿಯಿತು. ಕ್ಯಾರವಾನಿನ ಮೂಗಿಗೆ ಬಟ್ಟಲಿನಂಥ ತಲೆ ಇರುತ್ತದೆ. ಅದು ಜೀಪಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ, ಲಿವರ್ ಕೆಳಗೆ ಒತ್ತಿದರೆ ಒಳಗಿನ ದವಡೆ ಗುಂಡನ್ನು ಹಿಡಿಯುತ್ತದೆ. ಯೂರೋಪಿನ ಅಳತೆಯಲ್ಲಿ ಆ ಗುಂಡು 50 ಮಿಮೀ. ಅಮೆರಿಕದ ಲೆಕ್ಕದಲ್ಲಿ 2 ಇಂಚು, ಅಂದರೆ 50.8 ಮಿಮೀ. ಅದಕ್ಕಿಂತ ಚಿಕ್ಕದು 1⅞ ಇಂಚು, 47.6 ಮಿಮೀ. ಕಣ್ಣಿಗೆ ಮೂರೂ ಒಂದೇ. ಅಳೆಯುವ ಕ್ಯಾಲಿಪರ್‌ಗೆ ಒಂದೇ ಅಲ್ಲ.

ಮೇಷ್ಟ್ರ ಗಾಡಿಯ ತಲೆ ಜರ್ಮನಿಯ ಮಾಲು. ಮೇಲಿನ ಧೂಳು ಒರೆಸಿದಾಗ 'ಬಿ50-ಎಕ್ಸ್' ಅನ್ನುವ ಅಚ್ಚು ಕಂಡಿತು. ಯೂರೋಪಿನ ಕೊಂಡಿ ತಲೆಗಳ ಮೇಲೆ ಈ ಗುರುತು ಇರುತ್ತದೆ, 50 ಅನ್ನುವುದು ಗುಂಡಿನ ಅಳತೆ. ಅವರು ಕೊಂಡಿದ್ದ ಬೀಗವೂ ಗುಂಡಿನ ಬೀಗವೇ. ಸುಳ್ಳು ಗುಂಡೊಂದನ್ನು ಬಟ್ಟಲಿನೊಳಗೆ ಕೂರಿಸಿ, ತಲೆಯ ಮೇಲಿಂದ ಯು ಕೊಕ್ಕೆ ಸುತ್ತಿಸಿ ಬೀಗ ಹಾಕುವಂಥದ್ದು. ಎಲ್ಲ ಗಾಡಿಗೂ ಆಗುತ್ತದೆ ಅಂತ ಹೇಳಿ ಮಾರಿದ್ದರು. ಆ ಗುಂಡನ್ನು ಅಳೆದೆ. 47 ಮಿಮೀ ಚಿಲ್ಲರೆ. ಬಟ್ಟಲಿನಲ್ಲಿ ಇಟ್ಟು ಲಿವರ್ ಹಾಕಿ ಅಲ್ಲಾಡಿಸಿದರೆ ಗಡಗಡ ಅನ್ನುತ್ತಿತ್ತು. ಅಷ್ಟು ಸಡಿಲ ಇದ್ದರೆ ಗ್ರೈಂಡರೂ ಬೇಡ, ಒಂದು ಗಡಾರಿ ತೂರಿಸಿ ಮೀಟಿದರೂ ಸಾಕು. ಎಲ್ಲಕ್ಕೂ ಆಗುವ ಬೀಗ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೀಗಕ್ಕೆ ಸಂಬಂಧ ಇಲ್ಲ, ಆದರೆ ಜೀವಕ್ಕೆ ಇದೆ. ತಲೆ 50 ಮಿಮೀ ಇದ್ದರೆ ಜೀಪಿನ ಗುಂಡೂ 50 ಮಿಮೀ ಇರಲಿ. 2 ಇಂಚಿನ ತಲೆಗೆ 50 ಮಿಮೀ ಗುಂಡು ಹಾಕಿ ಗುಂಡಿ ರಸ್ತೆಯಲ್ಲಿ ಹೋಗಬೇಡಿ. ಮುಕ್ಕಾಲು ಮಿಮೀ ಏನು ಮಹಾ ಅನ್ನಿಸುತ್ತದೆ. ಪ್ರತಿ ಏಟಿಗೂ ಆ ಸಡಿಲ ಬೆಳೆಯುತ್ತಾ ಹೋಗುತ್ತದೆ.

ಇಷ್ಟು ನೋಡಿದ ಮೇಲೆ ನಿಜವಾದ ತೊಂದರೆ ಕಣ್ಣಿಗೆ ಬಿತ್ತು. ತಲೆಯ ಹಿಂದೆ, ಅದನ್ನು ಉದ್ದ ಪೈಪಿಗೆ ಹಿಡಿದಿದ್ದ ಎರಡು ಬೋಲ್ಟು. ಎರಡೂ 12 ಮಿಮೀ. ಎರಡೂ ಬಯಲಲ್ಲೇ ಇವೆ. ನನ್ನ ಜೇಬಿನಲ್ಲಿದ್ದ 19ರ ಪಾನಾ ಸರಿಯಾಗಿ ಕೂತಿತು. ಮೇಷ್ಟ್ರನ್ನು ಕರೆದು ತೋರಿಸಿದೆ. ಜಗತ್ತಿನ ಗಟ್ಟಿಯಾದ ಬೀಗವನ್ನೇ ತಲೆಗೆ ಹಾಕಿದರೂ, ಈ ಎರಡು ಬೋಲ್ಟು ಬಿಚ್ಚಿ ತಲೆಯನ್ನೇ ಬೀಗದ ಸಮೇತ ಪಕ್ಕಕ್ಕಿಟ್ಟು, ಬೇರೆ ತಲೆ ಹಾಕಿ ಎಳೆದುಕೊಂಡು ಹೋಗಬಹುದು. ಬೀಗ ಹೊಲದಲ್ಲೇ ಉಳಿಯುತ್ತದೆ, ಕೀಲಿಕೈ ಮನೆಯಲ್ಲೇ ಉಳಿಯುತ್ತದೆ, ಗಾಡಿ ಮಾತ್ರ ಇರುವುದಿಲ್ಲ.

ಆಮೇಲೆ ಕಳ್ಳರಿಗೆ ಮೂರನೆಯ ದಾರಿ. ಕೊಂಡಿಯನ್ನೇ ಮುಟ್ಟದೆ ಪೈಪಿಗೆ ಸರಪಳಿ ಸುತ್ತಿ ಎಳೆಯುವುದು. ದೂರ ಹೋಗಲು ಆಗುವುದಿಲ್ಲ, ಆದರೆ ಕತ್ತಲಲ್ಲಿ ಎರಡು ಕಿಲೋಮೀಟರ್ ಹೋದರೆ ಸಾಕಲ್ಲ.

ಹಾಗಾಗಿ ಮೇಷ್ಟ್ರು ಕೇಳಿದ ಪ್ರಶ್ನೆಯನ್ನೇ ಬದಲಾಯಿಸಬೇಕಾಯಿತು. "ಗಟ್ಟಿ ಬೀಗ ಯಾವುದು?" ಅಂತ ಅವರು ಕೇಳಿದ್ದರು. ಈ ಕೊಂಡಿಯನ್ನು ಎಷ್ಟು ದಾರಿಯಲ್ಲಿ ದಾಟಬಹುದು, ಅದರಲ್ಲಿ ಎಷ್ಟನ್ನು ಒಂದೇ ಬೀಗ ಮುಚ್ಚುತ್ತದೆ ಅನ್ನುವುದು ನಾವು ಹಿಡಿದ ಪ್ರಶ್ನೆ.

ಯಾವುದು ಬೇಡ, ಯಾವುದು ಬೇಕು

ಲಿವರ್‌ಗೆ ಹಾಕುವ ಪಿನ್ ಬೀಗವನ್ನು ಮೊದಲೇ ಪಕ್ಕಕ್ಕಿಟ್ಟೆವು. ಬೆರಳಿಗಿಂತ ಸಣ್ಣ ಪಿನ್ ಅದು. ಗಾಡಿ ಜೀಪಿಗೆ ಕಟ್ಟಿದ್ದಾಗ, ಹಿಟ್ನಾಳ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಯಾರೂ ಲಿವರ್ ಎತ್ತದಂತೆ ತಡೆಯಲು ಸಾಕು. ಅದಕ್ಕಾಗಿ ಒಂದು ಕೊಂಡೆವು ಕೂಡ. ಆದರೆ ತಿಂಗಳುಗಟ್ಟಲೆ ನಿಂತ ಗಾಡಿಗೆ ಅದು ಬೀಗ ಅಲ್ಲ.

ಸರಿಯಾದ 50 ಮಿಮೀ ಗುಂಡಿನ, ಗಟ್ಟಿ ಕೊಕ್ಕೆಯ ಬೀಗ ಸಿಗುತ್ತದೆ. ಕೊಕ್ಕೆ ಎಷ್ಟು ಗಟ್ಟಿ ಅಂತ ಅಂಗಡಿಯಲ್ಲೇ ನೋಡಲು ಒಂದು ಉಪಾಯ ಇದೆ. ಸಣ್ಣ ಅರ ಒಂದನ್ನು ಜೇಬಿನಲ್ಲಿ ಒಯ್ಯಿರಿ. ಕಾಣದ ಜಾಗದಲ್ಲಿ ಅದರ ಮೂಲೆಯನ್ನು ಮೆಲ್ಲಗೆ ಎಳೆಯಿರಿ. ಮೆತ್ತನೆ ಉಕ್ಕಾದರೆ ಅರ ಕಚ್ಚುತ್ತದೆ, ಬೆಳ್ಳಿ ಗೆರೆ ಬೀಳುತ್ತದೆ. ಕಾಯಿಸಿ ಗಟ್ಟಿ ಮಾಡಿದ ಉಕ್ಕಾದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಮೇಷ್ಟ್ರ ಹಳೇ ಕೊಕ್ಕೆಯಲ್ಲಿ ಅರ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಆದರೆ ಇದೂ ಪೂರ್ತಿ ಧೈರ್ಯ ಕೊಡುವುದಿಲ್ಲ. ಕೆಲವು ಉಕ್ಕು ಮೇಲಿನ ಚರ್ಮ ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ಗಟ್ಟಿ ಉಕ್ಕು ಹ್ಯಾಕ್ಸಾವನ್ನೂ ಕಟರನ್ನೂ ತಡೆಯುತ್ತದೆ, ಗ್ರೈಂಡರನ್ನು ತಡ ಮಾಡಿಸುತ್ತದೆ ಅಷ್ಟೇ. ಮೇಲಾಗಿ ಬೋಲ್ಟು ಹಾಗೇ ಬಯಲಲ್ಲಿ ಉಳಿಯುತ್ತವೆ. ಇದೂ ಬೇಡವಾಯಿತು.

ಮೂರನೆಯದು ಪೆಟ್ಟಿಗೆ ಬೀಗ. ಇಡೀ ತಲೆಯನ್ನು, ಹಿಂದಿನ ಬೋಲ್ಟು ಸಮೇತ, ದಪ್ಪ ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿಬಿಡುತ್ತದೆ. ಕೊಯ್ಯಲು ಹೊರಗೆ ಕೊಕ್ಕೆಯೇ ಇಲ್ಲ. ಬ್ರಿಟನ್ನಿನಲ್ಲಿ ಕ್ಯಾರವಾನ್ ಜಾಸ್ತಿ, ಕಳ್ಳತನವೂ ಇದೆ. ಅಲ್ಲಿ ಸೋಲ್ಡ್ ಸೆಕ್ಯೂರ್ ಅನ್ನುವ ಸಂಸ್ಥೆ ಇಂಥ ಬೀಗಗಳನ್ನು ಕಳ್ಳರು ಬಳಸುವ ಹತಾರಗಳಿಂದಲೇ ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತದೆ. ಹೊರದೇಶದ ಬೀಗ ತರಿಸುವವರು ಆ ದರ್ಜೆ ನೋಡಿ ತರಿಸಿ. ಆದರೆ ಅದಕ್ಕಿಂತ ಮೊದಲು ನಿಮ್ಮ ತಲೆ ಯಾವ ಕಂಪನಿಯದು, ಯಾವ ಮಾದರಿ ಅಂತ ಓದಿಕೊಳ್ಳಿ. ಆಲ್-ಕೋ ತಲೆಗೆ ಮಾಡಿದ ಪೆಟ್ಟಿಗೆ ವಿಂಟರ್‌ಹಾಫ್ ತಲೆಗೆ ಕೂರದೇ ಹೋಗಬಹುದು. ತೂಗಾಟ ತಡೆಯುವ ಸ್ಟೆಬಿಲೈಸರ್ ತಲೆ ಇದ್ದರೆ ಅದರ ಆಕಾರವೇ ಬೇರೆ, ಇನ್ನೂ ದೊಡ್ಡದು. ಅಂಥ ತಲೆ ಇದ್ದವರು ಇನ್ನೊಂದು ನೆನಪಿಡಿ. ಅದರೊಳಗೆ ಗುಂಡನ್ನು ಒತ್ತಿ ಹಿಡಿಯುವ ಪ್ಯಾಡುಗಳು ಇರುತ್ತವೆ. ಗುಂಡಿಗೆ ಗ್ರೀಸ್ ಹಚ್ಚಲೇಬಾರದು. ಬೀಗಕ್ಕೆ ಹಾಕಿದ ಎಣ್ಣೆಯೂ ಅಲ್ಲಿಗೆ ಇಳಿಯಬಾರದು.

ತರಿಸಬೇಕು ಅಂತಲೇ ಮೇಷ್ಟ್ರು ಹೊರಟಿದ್ದರು. ಸಾಗಣೆ, ಸುಂಕ ಎಲ್ಲ ಸೇರಿಸಿದರೆ ಬೆಲೆ ಕೈ ಸುಡುತ್ತಿತ್ತು. ಕೂರದಿದ್ದರೆ ವಾಪಸ್ ಕಳಿಸುವುದು ದೂರದ ಮಾತು. "ನೀವೇ ಮಾಡಿಕೊಡ್ರಿ" ಅಂದರು. ಒಪ್ಪಿಕೊಂಡೆ.

ಎರಡು ಪೆಟ್ಟಿಗೆ

ಮೊದಲು ಹಳೇ ಫ್ಯಾನಿನ ರಟ್ಟಿನ ಡಬ್ಬ ಕತ್ತರಿಸಿ ಅಚ್ಚು ಮಾಡಿದೆ. ತಲೆಯ ಅಗಲ, ಎತ್ತರ, ಬೋಲ್ಟಿನ ಹಿಂದೆ ಎಷ್ಟು ಜಾಗ, ಹ್ಯಾಂಡ್‌ಬ್ರೇಕ್ ಲಿವರ್ ಎಲ್ಲಿ ತಾಗುತ್ತದೆ ಎಲ್ಲವನ್ನೂ ರಟ್ಟಿನಲ್ಲೇ ನೋಡಿದೆ. ಈ ಕೆಲಸಕ್ಕೆ ಅರ್ಧ ದಿನ ಹೋಯಿತು. ಹೋಗಲೇಬೇಕು.

ಮೊದಲ ಪೆಟ್ಟಿಗೆ 6 ಮಿಮೀ ತಗಡಿನದು. ಸಾದಾ ತಗಡನ್ನು ಗ್ರೈಂಡರ್ ಬೇಗ ಕೊಯ್ಯುತ್ತದೆ ಅಂತ, ಲಾರಿಯ ಹಳೇ ಕಮಾನು ಪಟ್ಟಾ ತುಂಡುಗಳನ್ನು ಗುಜರಿಯಿಂದ ತಂದು ಹೊರಗಡೆ ವೆಲ್ಡ್ ಮಾಡಿದೆ. ಸ್ಪ್ರಿಂಗ್ ಉಕ್ಕು, ಒಳ್ಳೇ ಗಟ್ಟಿ. ರಾತ್ರಿ ನೋಡಿದಾಗ ಚೆನ್ನಾಗಿತ್ತು. ಬೆಳಿಗ್ಗೆ ಬಂದು ನೋಡಿದರೆ ವೆಲ್ಡಿನ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು, ಎರಡು ಕಡೆ. ಸುತ್ತಿಗೆಯಿಂದ ಒಂದು ಏಟು ಹಾಕಿದೆ. ಪಟ್ಟಾ ಬಿಸ್ಕತ್ತಿನ ಹಾಗೆ ಕಳಚಿ ಬಿತ್ತು. ಪಟ್ಟಾದಲ್ಲಿ ಇಂಗಾಲ ಜಾಸ್ತಿ. ಮೊದಲು ಕಾಯಿಸದೆ, ಆಮೇಲೆ ನಿಧಾನ ಆರಿಸದೆ ವೆಲ್ಡ್ ಮಾಡಿದರೆ ಪಕ್ಕದ ಉಕ್ಕು ಗಾಜಿನಂತಾಗುತ್ತದೆ, ಗಂಟೆಗಳಾದ ಮೇಲೆ ತಾನಾಗಿ ಬಿರಿಯುತ್ತದೆ. ಇದು ನನಗೆ ಗೊತ್ತಿದ್ದ ವಿಷಯ. ಮೇಲಿನ ಪದರಕ್ಕೆ ತಾನೇ, ನಡೆಯುತ್ತದೆ ಅಂದುಕೊಂಡದ್ದು ನನ್ನ ತಪ್ಪು. ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಿದೆ, ಮೇಷ್ಟ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡನೆಯದಕ್ಕೆ 8 ಮಿಮೀ ತಗಡು ತಂದೆ. ಬೀಗ ಕೂರುವ ಕಡೆ, ಬೋಲ್ಟಿನ ಎರಡೂ ಪಕ್ಕ, ಒಳಗಡೆ ಜೇಬಿನಂಥ ಗೂಡು ಮಾಡಿದೆ. ಪಟ್ಟಾ ತುಂಡನ್ನು ಅದರೊಳಗೆ ಸುಮ್ನೆ ಇಳಿಬಿಟ್ಟೆ. ವೆಲ್ಡ್ ಇಲ್ಲ, ಬೋಲ್ಟು ಇಲ್ಲ. ಗೂಡಿನ ಬಾಯಿ ಮಾತ್ರ ದೂರದಲ್ಲಿ ಮುಚ್ಚಿದೆ, ಕಾವು ಪಟ್ಟಾಕ್ಕೆ ತಾಗದ ಹಾಗೆ. ಈಗ ಕೊಯ್ಯುವವನ ವೀಲ್ ಮೊದಲು ತಗಡನ್ನು ಕೊಯ್ದು ಒಳಗೆ ಹೋಗುತ್ತದೆ, ಅಲ್ಲಿ ಸಡಿಲವಾಗಿ ನಿಂತ ಗಟ್ಟಿ ಉಕ್ಕು ಸಿಗುತ್ತದೆ. ಹಿಡಿತಕ್ಕೆ ಸಿಗದೆ ಅದು ಅದುರುತ್ತದೆ. ತೆಳು ವೀಲಿಗೆ ಅದುರುವ ಉಕ್ಕು ಅಂದರೆ ಆಗುವುದಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಅಂತ, ಅದೇ ಥರ ಒಂದು ತುಂಡು ಗೋಡೆ ಮಾಡಿ ವೈಸಿಗೆ ಕಚ್ಚಿಸಿ ಕೊಯ್ಯಲು ಕೂತೆ. ಕನ್ನಡಕ, ಮುಖದ ಶೀಲ್ಡ್, ಗ್ಲೌಸ್ ಎಲ್ಲ ಹಾಕಿಕೊಂಡೇ. ತಗಡು ಸಲೀಸಾಗಿ ಹೋಯಿತು. ಪಟ್ಟಾಕ್ಕೆ ತಾಗಿದ ಕೂಡಲೇ ಕಿರ್ ಅಂತ ಸದ್ದು ಎದ್ದು, ಎದುರು ಅಂಗಡಿಯವರು ಹೊರಗೆ ಬಂದು ನೋಡಿದರು. ಮೊದಲ ವೀಲ್ ಒಡೆದು ಶೀಲ್ಡಿಗೆ ಬಡಿಯಿತು. ಎರಡನೆಯದು ಸವೆಯಿತು. ಮೂರನೆಯದರ ಅರ್ಧಕ್ಕೆ ಬ್ಯಾಟರಿ ಮುಗಿಯಿತು. ಹನ್ನೊಂದು ನಿಮಿಷ, ಪಟ್ಟಾ ಇನ್ನೂ ತುಂಡಾಗಿರಲಿಲ್ಲ. ಎರಡು ಬ್ಯಾಟರಿ ತಂದವನು, ದಪ್ಪ ವೀಲ್ ತಂದವನು ಮುಗಿಸಿಯೇ ಮುಗಿಸುತ್ತಾನೆ. ಆದರೆ ಆನೆಗೊಂದಿ ರಸ್ತೆಯಲ್ಲಿ, ರಾತ್ರಿ, ಆ ಸದ್ದಿನಲ್ಲಿ, ಕಿಡಿ ಹಾರಿಸುತ್ತಾ ಹದಿನೈದು ನಿಮಿಷ ಕೂರುವುದು ಅಂದರೆ ಸಣ್ಣ ಮಾತಲ್ಲ.

ಪೆಟ್ಟಿಗೆಗೆ ಎರಡು ಭಾಗ. ಮೇಲಿನದು ತಲೆಯನ್ನು ಮುಚ್ಚುತ್ತದೆ. ಕೆಳಗಿನ ತಟ್ಟೆಯ ಮೇಲೆ ಲೇತಿನಲ್ಲಿ ತಿರುಗಿಸಿದ ಗುಂಡು ಇದೆ, ಅದು ಬಟ್ಟಲಿನೊಳಗೆ ಅಲ್ಲಾಡದೆ ಕೂರುತ್ತದೆ. ಎರಡೂ ಒಂದಕ್ಕೊಂದು ಕಚ್ಚಿ, ಮುಂದೆ ಒಂದು ದುಂಡು ಬೀಗ. ಕೊಕ್ಕೆ ಒಳಗೇ ಅಡಗಿರುವ ಬೀಗ ಅದು, ಶಟರ್‌ಗೆ ಹಾಕುವಂಥದ್ದು. ಅದನ್ನೂ ದಪ್ಪ ಪೈಪಿನ ಬಾಯೊಳಗೆ ಒಳಕ್ಕೆ ಕೂರಿಸಿದೆ. ಕೀಲಿಕೈ ಹಾಕುವಷ್ಟು ಮಾತ್ರ ಜಾಗ. ಡಿಸ್ಕ್ ಥರದ ಕೀಲಿ ಆರಿಸಿದೆವು. ಹಲ್ಲು ಹಲ್ಲಿನ ಸಾದಾ ಕೀಲಿಗಿಂತ ಅದನ್ನು ಕಡ್ಡಿ ಹಾಕಿ ತೆರೆಯುವುದು ಕಷ್ಟ.

ಬೋಲ್ಟನ್ನೇ ವೆಲ್ಡ್ ಮಾಡಿಬಿಡಬಹುದಿತ್ತಲ್ಲ ಅಂತ ಮೇಷ್ಟ್ರ ಬಾಮೈದ ಕೇಳಿದರು. ಮಾಡಬಾರದು. ಸವೆದ ತಲೆಯನ್ನು ಒಂದು ದಿನ ಬದಲಾಯಿಸಲೇಬೇಕಾಗುತ್ತದೆ. ಮೇಲಾಗಿ ಆ ಛಾಸಿ ಸತುವಿನ ಲೇಪದ್ದು, ಅದರ ಮೇಲೆ ವೆಲ್ಡಿಂಗ್, ಡ್ರಿಲ್ಲಿಂಗ್ ಮಾಡಬೇಡಿ ಅಂತ ತಯಾರಕರೇ ಹೇಳುತ್ತಾರೆ. ಗಾಡಿ ಉಳಿಸಲು ಹೋಗಿ ರಸ್ತೆಯಲ್ಲಿ ಗಾಡಿ ಬಿಚ್ಚಿಕೊಳ್ಳುವಂತೆ ಮಾಡಬಾರದು. ಹಳೇ ನಟ್ಟು ತೆಗೆದು, ಸಡಿಲವಾಗದ ನೈಲಾಕ್ ನಟ್ಟು ಹೊಸದು ಹಾಕಿ, ಟಾರ್ಕ್ ಪಾನಾದಲ್ಲಿ ಬಿಗಿದೆ.

ಅಮ್ಮಾವರ ತೀರ್ಪು

ಪೆಟ್ಟಿಗೆ ತೂಗಿದಾಗ 7 ಕಿಲೋ ಮೇಲಿತ್ತು. ನನಗೆ ಹೆಮ್ಮೆಯೇ ಆಗಿತ್ತು. ಮೇಷ್ಟ್ರ ಶ್ರೀಮತಿಯವರು ಬಂದು, ಬಗ್ಗಿ ಎತ್ತಿ, ಮತ್ತೆ ಕೆಳಗಿಟ್ಟು ಹೇಳಿದರು: "ಇವರಿಗೆ ಭುಜ ನೋವು. ದಿನಾ ಹಾಕೋದು ತೆಗಿಯೋದು ನಾನು. ಹಿಂಗಿದ್ದರ ನಾಲ್ಕು ದಿನ ಹಾಕ್ತೀನಿ, ಐದನೇ ದಿನ ಒಳಗ ಇಟ್ಟು ಮರೀತೀನಿ."

ಆ ಮಾತು ನನಗೆ ನಾಟಿತು. ಹಾಕದ ಬೀಗ ಎಷ್ಟು ಗಟ್ಟಿ ಇದ್ದರೇನು? ವಾಪಸ್ ತಂದು, ಬೇಡದ ಮೂಲೆ ಕತ್ತರಿಸಿದೆ. ಹಿಡಿಯಲು 10 ಮಿಮೀ ಸರಳಿನ ಹಿಡಿಕೆ ಹಾಕಿದೆ. ಮೇಲಿನ ಭಾಗ 4 ಕಿಲೋ, ಕೆಳಗಿನದು ಎರಡಕ್ಕೆ ಸ್ವಲ್ಪ ಜಾಸ್ತಿ ಆಯಿತು. ಒಂದೊಂದಾಗಿ ಎತ್ತಬಹುದು. ಅಂಚುಗಳನ್ನು ಅರದಿಂದ ಉಜ್ಜಿ ಕೈಗೆ ತಾಗದ ಹಾಗೆ ಮಾಡಿದೆ. ಅವರು ಎರಡು ನಿಮಿಷದಲ್ಲಿ ಹಾಕಿ ತೋರಿಸಿದರು. ಆಮೇಲೇ ಬಣ್ಣ ಹೊಡೆದದ್ದು. ಗಾಢ ಹಳದಿ ಬಣ್ಣ, ದೂರದಿಂದಲೇ ಕಾಣಲಿ ಅಂತ. ಮೊದಲ ಪೆಟ್ಟಿಗೆ ಬಿಟ್ಟು, ದುಂಡು ಬೀಗವೂ ಸೇರಿ ಒಟ್ಟು ಖರ್ಚು ₹6,400.

ಸರಪಳಿ ಹಾಕಿ ಎಳೆಯುವ ದಾರಿ ಇನ್ನೂ ತೆರೆದೇ ಇತ್ತು. ಅದಕ್ಕೆ ಬೀಗಕ್ಕಿಂತ ಜಾಗವೇ ಮದ್ದು. ಕ್ಯಾರವಾನನ್ನು ತಿರುಗಿಸಿ, ಕೊಂಡಿ ಪಂಪ್‌ಸೆಟ್ ಮನೆಯ ಗೋಡೆಗೆ ಮುಖ ಮಾಡುವಂತೆ ನಿಲ್ಲಿಸಿದೆವು. ನಡುವೆ ಮೂರು ಅಡಿ ಅಷ್ಟೇ. ಪಿಕಪ್ ಅಲ್ಲಿಗೆ ಬರುವುದಿಲ್ಲ. ಗಾಡಿಯನ್ನು ಹಿಂದಕ್ಕೆ ತಳ್ಳಿ, ತಿರುಗಿಸಿ ಆಮೇಲೆ ಕಟ್ಟಬೇಕು. ಮನೆಯವರಿಗೆ ಹೊರಡುವಾಗ ಹತ್ತು ನಿಮಿಷ ಜಾಸ್ತಿ ಕೆಲಸ, ಅಷ್ಟೇ.

ಜೊತೆಗೆ ಒಂದು ಚಕ್ರಕ್ಕೆ ಸರಪಳಿ ಹಾಕಿ ನೆಲದ ಕೊಂಡಿಗೆ ಕಟ್ಟುವ ಯೋಚನೆ. ಇಲ್ಲಿ ನಮ್ಮ ಮಣ್ಣಿನ ಬಗ್ಗೆ ಹೇಳಬೇಕು. ಆ ಹೊಲ ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಒಂದು ಅಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿದರೆ ಎರಡು ವರ್ಷದಲ್ಲಿ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಗರಸು ಸಿಗುವವರೆಗೆ ತೋಡಿಸಿದೆವು, ಮೂರೂವರೆ ಅಡಿಗೆ ಸಿಕ್ಕಿತು. ಬುಡ ಅಗಲ, ಬಾಯಿ ಸಣ್ಣ, ಹಗೇವಿನ ಆಕಾರದಲ್ಲಿ. ಒಳಗೆ ಸರಳಿನ ಜಾಲಿ, ಮೇಲೆ ಉಂಗುರ. ಸರಪಳಿಯನ್ನು ನೆಲಕ್ಕೆ ತಾಗದ ಹಾಗೆ ಬಿಗಿಯಾಗಿ ಕಟ್ಟಬೇಕು. ನೆಲದ ಮೇಲೆ ಬಿದ್ದ ಸರಪಳಿಯನ್ನು ಒಡೆಯುವುದು, ಕತ್ತರಿಸುವುದು ಎರಡೂ ಸುಲಭ.

ಕಾಗದದ ಕೆಲಸ ಬೇಗ ಮುಗಿಯಿತು. ಹಿಂದೆ ಕಟ್ಟಿ ಎಳೆಯುವ ಗಾಡಿಯೂ ಕಾನೂನಿನ ಪ್ರಕಾರ ಒಂದು ವಾಹನವೇ. ಜೀಪಿನ ವಿಮೆ ಇದೆ ಅಂದಮಾತ್ರಕ್ಕೆ ಕ್ಯಾರವಾನಿಗೂ ಇದೆ ಅಂತಲ್ಲ, ಪಾಲಿಸಿಯಲ್ಲಿ ಬರೆಸಿರಬೇಕು. ಮೇಷ್ಟ್ರು ಬರೆಸಿದ್ದರು. ಛಾಸಿ ನಂಬರಿನ ಫೋಟೊ, ಬೀಗದ ಬಿಲ್ಲು, ಕೀಲಿಕೈ ಮೇಲಿನ ನಂಬರು ಎಲ್ಲ ಒಂದು ಕಡೆ ಇಟ್ಟುಕೊಂಡರು. ಕೊಯ್ದ ಹಳೇ ಬೀಗವನ್ನೂ ಎಸೆಯಬೇಡಿ ಅಂದೆ. ಅದೇ ಛಾಸಿ ನಂಬರನ್ನು ಒಳಗಿನ ಮಂಚದ ಕೆಳಗೆ, ಕಾಣದ ಜಾಗದಲ್ಲಿ ಪಂಚ್ ಮಾಡಿಕೊಟ್ಟೆ. ಒಂದು ಜಿಪಿಎಸ್ ಡಬ್ಬಿಯನ್ನೂ ಒಳಗಿನ ಬ್ಯಾಟರಿಗೆ ಕೊಟ್ಟು ಅಡಗಿಸಿದ್ದೇವೆ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ.

ನಾಲ್ಕು ತಿಂಗಳ ನಂತರ ಫೋನ್ ಬಂತು. ಕೀಲಿ ತಿರುಗುತ್ತಿಲ್ಲ. ಹೋಗಿ ನೋಡಿದೆ. ಪೈಪಿನ ಬಾಯೊಳಗೆ ಕಪ್ಪು ಅಂಟಿನಂಥದ್ದು ತುಂಬಿತ್ತು. ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಚರಚರ. ಗಂಗಾವತಿಯವರಿಗೆ ಇದು ಹೇಳಬೇಕಾಗಿಲ್ಲ. ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ. ಗಾಳಿಗೆ ಬಂದು ಎಲ್ಲದರ ಮೇಲೂ ಕೂರುತ್ತದೆ. ಅದರಲ್ಲಿ ಬಹುಪಾಲು ಸಿಲಿಕಾ, ಉಕ್ಕನ್ನೂ ಉಜ್ಜುತ್ತದೆ. ಬೀಗ ಸಲೀಸಾಗಿರಲಿ ಅಂತ ಮೇಷ್ಟ್ರು ಹೊಲಿಗೆ ಮಷಿನ್ ಎಣ್ಣೆ ಬಿಟ್ಟಿದ್ದರು. ಎಣ್ಣೆಗೆ ಬೂದಿ ಸೇರಿ ರುಬ್ಬಿದ ಹಿಟ್ಟಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಕಂಪ್ರೆಸರ್ ಗಾಳಿ ಬಿಟ್ಟು ಒಣಗಿಸಿ, ಗ್ರಾಫೈಟ್ ಪುಡಿ ಊದಿದೆ. ಪೆನ್ಸಿಲ್ ಕಡ್ಡಿಯಲ್ಲಿ ಜೇಡಿಯ ಜೊತೆ ಇರುವುದೂ ಅದೇ. ಒಣ ಪುಡಿಯಾದ್ದರಿಂದ ಧೂಳು ಅಂಟುವುದಿಲ್ಲ. ಪೈಪಿನ ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ಮುಚ್ಚಳ ಮಾಡಿದೆ. ತಳದಲ್ಲಿ ನೀರು ಇಳಿಯಲು ಒಂದು ತೂತು. ಅದನ್ನು ಮೊದಲೇ ಇಡಬೇಕಿತ್ತು.

ಮೊನ್ನೆ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಡುವ ಮುಂಚೆ ಅಂಗಡಿಗೆ ತಂದರು. ಪೆಟ್ಟಿಗೆಯ ಎಡಗಡೆ, ಬೋಲ್ಟಿನ ನೇರಕ್ಕೆ, ಒಂದು ಹೊಸ ಗೆರೆ ಇತ್ತು. ಉಗುರು ಹಾಕಿ ನೋಡಿದೆ. ಬಣ್ಣ ಹೋಗಿ ತಗಡು ಸ್ವಲ್ಪ ಕಚ್ಚಿತ್ತು. ಯಾವಾಗ ಆದದ್ದು ಅಂತ ಅವರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆ ತೆಗೆದು ಎರಡೂ ನಟ್ಟಿಗೆ ಪಾನಾ ಹಾಕಿ ನೋಡಿದೆ. ಬಿಗಿಯಾಗಿದ್ದವು. ಗೆರೆಗೆ ರೆಡ್ ಆಕ್ಸೈಡ್ ಹಚ್ಚಿದೆ. ಅದು ಒಣಗುವಷ್ಟರಲ್ಲಿ ಅಮ್ಮಾವರು ಚಹಾ ಮುಗಿಸಿದರು. ಲಿವರ್‌ಗೆ ಪಿನ್ ಬೀಗ ಹಾಕಿ, ಪೆಟ್ಟಿಗೆಯ ಎರಡೂ ಭಾಗವನ್ನು ತಾವೇ ಎತ್ತಿ ಜೀಪಿನಲ್ಲಿ ಇಟ್ಟುಕೊಂಡು ಹೊರಟರು.